ಪಾಳು ಗದ್ದೆಯ ಜೇಡಿಮಣ್ಣು: ಗುಂಡಿ ತೋಡಿ, ಮುಟ್ಟಿ, ಅಳೆದು ತಿಳಿಯುವ ಬಗೆ

ಕೊಡಗಿನ ಯಾವ ಕಡೆ ಹೋದರೂ ಈಗ ಪಾಳು ಬಿದ್ದ ಗದ್ದೆ ಕಾಣುತ್ತದೆ. ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕರೂ ಭತ್ತ ಮಾರಿದ ದುಡ್ಡಲ್ಲಿ ಕೂಲಿ ಹುಟ್ಟುವುದಿಲ್ಲ, ಕಾಡಂಚಿನಲ್ಲಾದರೆ ಆನೆ ಕಾಟ ಬೇರೆ. ನಾಲ್ಕಾರು ಮಳೆಗಾಲ ಉಳದೆ ಬಿಟ್ಟರೆ ಗದ್ದೆ ಹುಲ್ಲುಗಾವಲೇ ಆಗಿಬಿಡುತ್ತದೆ. ಆಮೇಲೆ ಸಲಹೆಗಳು ಶುರು. ಶುಂಠಿಗೆ ಗುತ್ತಿಗೆ ಕೊಡಿ, ಅಡಿಕೆ ಹಾಕಿ, ಕೆರೆ ತೆಗೆಸಿ, ಬರೆ (ಗದ್ದೆ ಬದಿಯ ಗುಡ್ಡದ ಇಳಿಜಾರು) ಕಡಿದು ಮಣ್ಣು ತುಂಬಿಸಿ. ಯಾವುದಕ್ಕೂ ಹೂಂ ಅನ್ನುವ ಮೊದಲು ಕಾಲಡಿಯ ಜೇಡಿ ಎಂಥದ್ದು ಅಂತ ತಿಳಿದುಕೊಳ್ಳಿ. ಒಂದು ಗುದ್ದಲಿ, ಒಂದು ಸಿರಿಂಜು, ಒಂದು ಸ್ಕೇಲು ಇದ್ದರೆ ಹೆಚ್ಚಿನ ಕೆಲಸ ಮನೆಯಲ್ಲೇ ಆಗುತ್ತದೆ.

ಮಣ್ಣಿನಲ್ಲಿ ಜೇಡಿ ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ಯಾವ ಜೇಡಿ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಎರಡನೆಯದೇ ಮುಖ್ಯ ಪ್ರಶ್ನೆ. ಜೇಡಿಮಣ್ಣಿನ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಬೇರೆಯೇ ಜಾತಿಯ ಜೇಡಿಗೆ ಹೇಳಿದವು. ಅವನ್ನು ಇಲ್ಲಿ ಹಾಗೇ ಮಾಡಿದರೆ ದುಡ್ಡೂ ಹಾಳು, ಗದ್ದೆಯೂ ಹಾಳು.

ಎರಡು ಜೇಡಿ, ಎರಡು ದಾರಿ

ಟಾಂಜಾನಿಯಾದ ಎನ್‌ಗೊರೊಂಗೊರೊ ಹೆಸರು ಕೇಳಿರುತ್ತೀರಿ. ಕುಸಿದ ಜ್ವಾಲಾಮುಖಿಯ ಹೊಟ್ಟೆಯೊಳಗಿನ ಹುಲ್ಲುಬಯಲು ಅದು. ಬಯಲಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್. ಹೆಚ್ಚುಕಡಿಮೆ ನಮ್ಮ ತಡಿಯಂಡಮೋಳ್ ಶಿಖರದಷ್ಟು. ಸುತ್ತಲೂ ಗೋಡೆಯಂಥ ಬೆಟ್ಟ, ಬಿದ್ದ ನೀರು ಹೊರಗೆ ಹರಿಯಲು ದಾರಿ ಇಲ್ಲ, ನಡುವೆ ಉಪ್ಪುನೀರಿನ ಕೆರೆ. ಮೆಕ್ಸಿಕೊ ನಗರ ನಿಂತಿರುವ ತಗ್ಗೂ ಇದೇ ಥರದ್ದು. ಸುಮಾರು 2,240 ಮೀಟರ್ ಎತ್ತರ, ಸುತ್ತ ಜ್ವಾಲಾಮುಖಿಗಳು, ತಳದಲ್ಲಿ ಹಳೆಯ ಕೆರೆಗಳ ಜೇಡಿ.

ಇಂಥ ಕಡೆ ಬೂದಿ ಮತ್ತು ಜ್ವಾಲಾಮುಖಿ ಕಲ್ಲಿನ ಪುಡಿ ನೀರಿನ ಜೊತೆ ಇಳಿದು ತಗ್ಗಿನಲ್ಲಿ ಕೂರುತ್ತದೆ. ಬೂದಿಯಲ್ಲಿರುವುದು ಹೆಚ್ಚಾಗಿ ಗಾಜು. ಗಾಜು ಬೇಗ ಕರಗಿ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಕೊಡುತ್ತದೆ. ಮಳೆ ಕಡಿಮೆ, ನೀರಿಗೆ ಹೊರದಾರಿ ಇಲ್ಲ ಅಂದರೆ ಇವೆಲ್ಲ ಅಲ್ಲೇ ಕೂಡಿಕೊಂಡು ಸ್ಮೆಕ್ಟೈಟ್ ಅನ್ನುವ ಜೇಡಿ ಹುಟ್ಟುತ್ತದೆ. ಈ ಜೇಡಿಯ ಪದರಗಳ ನಡುವೆ ನೀರು ನುಗ್ಗುತ್ತದೆ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಆಳವಾಗಿ ಬಿರಿಯುತ್ತದೆ. ಬಿರಿಯುವಾಗ ಮರದ ಬೇರು ಹರಿದುಹೋಗುತ್ತದೆ. ಹುಲ್ಲಿನ ಬೇರು ಸತ್ತರೂ ಮತ್ತೆ ಚಿಗುರುತ್ತದೆ. ಇಂಥ ನೆಲದಲ್ಲಿ ಮರಕ್ಕಿಂತ ಹುಲ್ಲು ಗೆಲ್ಲುವುದಕ್ಕೆ ಇದೂ ಒಂದು ಕಾರಣ.

ಅಷ್ಟು ದೂರ ಯಾಕೆ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯ ಗುಣವೂ ಇದೇ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಲ್ಲಿನಿಂದ ಆದ ಮಣ್ಣು.

ಕೊಡಗಿನದು ಬೇರೆ ದಾರಿ. ನಮ್ಮ ಬೆಟ್ಟಗಳು ನೈಸ್ ಮತ್ತು ಚಾರ್ನೊಕೈಟ್. 300 ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಜ್ವಾಲಾಮುಖಿ ಬೂದಿಯ ಸೋಂಕಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಷ್ಟು ನೀರು ಕಲ್ಲಿನ ಸಂದಿಯಿಂದ ಸಿಲಿಕಾ, ಸುಣ್ಣ, ಮೆಗ್ನೀಸಿಯಂ ಎಲ್ಲವನ್ನೂ ತೊಳೆದು ತೋಡಿಗೆ, ತೋಡಿನಿಂದ ಹೊಳೆಗೆ ಕಳಿಸುತ್ತದೆ. ಉಳಿಯುವುದು ಕೆಯೋಲಿನೈಟ್ ಅನ್ನುವ ಜೇಡಿ, ಜೊತೆಗೆ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕೆಯೋಲಿನೈಟ್ ಪದರಗಳ ನಡುವೆ ನೀರು ನುಗ್ಗುವುದಿಲ್ಲ. ಹಾಗಾಗಿ ಹೆಚ್ಚು ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಗೊಬ್ಬರ ಹಿಡಿದಿಡುವ ಶಕ್ತಿಯೂ ಕಡಿಮೆ. ಒಂದು ಕಿಲೋ ಕೆಯೋಲಿನೈಟ್ ಹಿಡಿದಿಡುವ ಪೋಷಕಾಂಶದ ಹತ್ತು ಪಟ್ಟಿನಷ್ಟನ್ನು ಸ್ಮೆಕ್ಟೈಟ್ ಹಿಡಿಯಬಲ್ಲದು.

ನಿಮ್ಮ ಗದ್ದೆ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ? ಹೆಚ್ಚಿನ ಕಡೆ ಉತ್ತರ ಕೆಯೋಲಿನೈಟ್. ಆದರೆ ಕುಶಾಲನಗರ, ಶನಿವಾರಸಂತೆಯಂಥ ಮಳೆ ಕಡಿಮೆಯ ಪೂರ್ವದ ಅಂಚಿನಲ್ಲಿ, ಅದರಲ್ಲೂ ತಗ್ಗಿನಲ್ಲಿ, ಕುಗ್ಗುವ ಜೇಡಿ ಸ್ವಲ್ಪ ಸೇರಿರಬಹುದು. ಊಹೆ ಬೇಡ, ಅಳೆದೇ ನೋಡೋಣ.

ಹಂತ 1: ಯಾವಾಗ, ಎಲ್ಲಿ

ಗುಂಡಿ ತೋಡಲು ಒಳ್ಳೆ ಕಾಲ ಪುತ್ತರಿ ಹಬ್ಬ ಕಳೆದ ಮೇಲೆ, ಜನವರಿಯಿಂದ ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ. ನೆಲದಲ್ಲಿ ಪಸೆ ಇರುತ್ತದೆ, ಆದರೆ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ. ಮಾರ್ಚ್‌ನಲ್ಲಿ, ಹೂಮಳೆಗೆ ಮುಂಚೆ, ನೆಲದ ಬಿರುಕು ಚೆನ್ನಾಗಿ ಕಾಣುತ್ತದೆ. ಬೆರಳು ಹೋಗುವಷ್ಟು ಅಗಲವಾಗಿ ಮೊಳದ ಆಳ ಬಿರುಕು ಬಿಟ್ಟಿದ್ದರೆ ಕುಗ್ಗುವ ಜೇಡಿಯ ಅನುಮಾನ ಇಟ್ಟುಕೊಳ್ಳಿ. ಮೇಲ್ಮೈಯಲ್ಲಿ ಮಾತ್ರ ತೆಳುವಾದ ಬಿರುಕಿದ್ದರೆ ಅದು ಹಿಂದೆ ಕೆಸರು ಮಾಡಿ ಉತ್ತ ಮಣ್ಣು ಒಣಗಿದ್ದು, ಅಷ್ಟೇ.

ಒಂದೇ ಗುಂಡಿ ಸಾಲದು. ಬಾಣೆಗೆ (ಗದ್ದೆಯ ಮೇಲಿನ ಎತ್ತರದ ಒಣನೆಲ) ತಾಗಿದ ಮೇಲಿನ ಮಡಿಯಲ್ಲಿ ಒಂದು, ನಡುವೆ ಒಂದು, ತೋಡಿನ ಹತ್ತಿರ ಒಂದು ಬೇಕು. ಬಾಣೆಯಿಂದ ತೊಳೆದು ಬಂದ ಮರಳು ಮೇಲಿನ ಮಡಿಯಲ್ಲೇ ಕೂರುತ್ತದೆ, ನುಣುಪು ಜೇಡಿ ಕೆಳಗಿನ ತನಕ ಹೋಗುತ್ತದೆ. ಒಂದೇ ಗದ್ದೆಬಯಲಲ್ಲಿ ಮಣ್ಣು ಪೂರ್ತಿ ಬೇರೆ ಬೇರೆ ಇರುವುದು ಸಾಮಾನ್ಯ.

ಬೆಟ್ಟದ ಮೇಲಿನ ಹುಲ್ಲುಗಾವಲಲ್ಲಿ ಮಾತ್ರ ಗುದ್ದಲಿ ಹಾಕಬೇಡಿ. ಬ್ರಹ್ಮಗಿರಿ, ಪುಷ್ಪಗಿರಿ ಕಡೆಯದ್ದು ಅರಣ್ಯ. ಅಲ್ಲಿಯ ಕಪ್ಪು ಮಣ್ಣು ನೋಡಿ ಎರೆಮಣ್ಣು ಅಂದುಕೊಳ್ಳುವವರೂ ಇದ್ದಾರೆ. ಅದು ತಂಪಿನಲ್ಲಿ ನಿಧಾನವಾಗಿ ಕೊಳೆತ ಹುಲ್ಲಿನ ಕಪ್ಪು, ಲಾವಾದ ಕಪ್ಪಲ್ಲ.

ಹಂತ 2: ಗುಂಡಿ

ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ, ಮೂರು ಅಡಿ ಆಳ ಸಾಕು. ಸೊಂಟಕ್ಕಿಂತ ಆಳ ಹೋಗಬೇಡಿ, ಒದ್ದೆ ಜೇಡಿಯ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಬಿಸಿಲು ಬೀಳುವ ಕಡೆಯ ಗೋಡೆಯನ್ನು ನೆಟ್ಟಗೆ ಬಿಡಿ, ಅದರ ಮೇಲಂಚನ್ನು ತುಳಿಯಬೇಡಿ. ಮೇಲ್ಮಣ್ಣನ್ನು ಒಂದು ಕಡೆ, ಒಳಮಣ್ಣನ್ನು ಇನ್ನೊಂದು ಕಡೆ ಹಾಕಿ. ಮುಚ್ಚುವಾಗ ಒಳಮಣ್ಣು ಮೊದಲು, ಮೇಲ್ಮಣ್ಣು ಕೊನೆಗೆ. ರಾತ್ರಿ ಹಾಗೇ ಬಿಡುವುದಾದರೆ ಬೇಲಿ ಕಟ್ಟಿ, ದನ ಬೀಳುತ್ತದೆ.

ಗುದ್ದಲಿ ತಾಗಿದ ಜೇಡಿ ಮೆತ್ತಿಕೊಂಡು ನುಣ್ಣಗಾಗುತ್ತದೆ. ಅದರ ಮೇಲೆ ಏನೂ ಕಾಣುವುದಿಲ್ಲ. ಕತ್ತಿಯ ತುದಿಯಿಂದ ಮೇಲಿಂದ ಕೆಳಗೆ ಸ್ವಲ್ಪ ಸ್ವಲ್ಪವೇ ಕಿತ್ತು ತೆಗೆಯಿರಿ. ಆಗ ಮಣ್ಣು ತನ್ನ ಸಹಜ ಸೀಳಿನಲ್ಲಿ ಬಿಡುತ್ತದೆ. ಒಡೆದ ಹೆಂಟೆಯ ಮುಖ ಓರೆಯಾಗಿ, ಉಜ್ಜಿದಂತೆ ಹೊಳೆಯುತ್ತಿದ್ದು, ಮೇಲೆ ಗೀರುಗಳಿದ್ದರೆ ಅದು ಉಬ್ಬುವಾಗ ಮಣ್ಣು ಮಣ್ಣಿನ ಮೇಲೆ ಜಾರಿದ ಗುರುತು. ಜ್ವಾಲಾಮುಖಿ ಮೂಲದ ಜೇಡಿಯಲ್ಲಿ ಇದು ಎದ್ದು ಕಾಣುತ್ತದೆ, ನಮ್ಮಲ್ಲಿ ಅಪರೂಪ.

ಹಾಗೇ ಕತ್ತಿಯನ್ನು ಎರಡೆರಡು ಇಂಚಿಗೆ ಒಮ್ಮೆ ಗೋಡೆಗೆ ಚುಚ್ಚುತ್ತಾ ಕೆಳಗಿಳಿಯಿರಿ. ಸಾಮಾನ್ಯವಾಗಿ ಆರರಿಂದ ಹತ್ತು ಇಂಚಿನ ನಡುವೆ ಒಮ್ಮೆಲೇ ಗಟ್ಟಿ ಸಿಗುತ್ತದೆ. ತಲೆತಲಾಂತರದಿಂದ ಕೆಸರು ಉತ್ತು ತುಳಿದು ಆದ ಪದರ ಅದು. ಭತ್ತಕ್ಕೆ ನೀರು ನಿಲ್ಲಿಸಿದ್ದೇ ಆ ಪದರ. ಎಷ್ಟು ಇಂಚಿಗೆ ಶುರು, ಎಷ್ಟು ದಪ್ಪ ಅಂತ ಬರೆದಿಟ್ಟುಕೊಳ್ಳಿ. ಮುಂದಿನ ತೀರ್ಮಾನಕ್ಕೆ ಬೇಕಾಗುತ್ತದೆ.

ಹಂತ 3: ಬಣ್ಣ

ಇದಕ್ಕೆ ಸಮಯ ಕೊಡಿ. ಗದ್ದೆಯ ಗುಂಡಿಯಲ್ಲಿ ಬಣ್ಣ ಹೇಳುವಷ್ಟನ್ನು ಬೇರೆ ಯಾವುದೂ ಹೇಳುವುದಿಲ್ಲ.

ಬಾಣೆಯ ಮಣ್ಣು ಕೆಂಪು, ಅದರಿಂದಲೇ ಬಂದ ಗದ್ದೆಯ ಮಣ್ಣು ಬೂದು. ಯಾಕೆ? ಎರಡರಲ್ಲೂ ಕಬ್ಬಿಣವಿದೆ. ಗಾಳಿಯಾಡುವ ಕಡೆ ಕಬ್ಬಿಣ ತುಕ್ಕಾಗಿ ಕೆಂಪಾಗಿರುತ್ತದೆ. ನೀರು ನಿಂತ ಕಡೆ ಗಾಳಿ ಮುಗಿದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಈ ತುಕ್ಕನ್ನೇ ಬಳಸುತ್ತವೆ. ಆಗ ಕಬ್ಬಿಣ ಕರಗಿ ನೀರಿನೊಂದಿಗೆ ಸರಿದುಹೋಗುತ್ತದೆ, ಜೇಡಿ ಬೂದುಬಣ್ಣಕ್ಕೆ ತಿರುಗುತ್ತದೆ.

ಈಗ ಬೂದು ಗೋಡೆಯ ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಬಿಡಿಸಿ. ಸೂಜಿಯಷ್ಟು ಸಣ್ಣ ತೂತುಗಳು ಕಾಣುತ್ತವೆ. ಪ್ರತಿ ತೂತಿನ ಸುತ್ತ ಕಿತ್ತಳೆ ಬಣ್ಣದ ತೆಳು ಕೊಳವೆ. ಕೆಲವು ಕೊಳವೆಯೊಳಗೆ ಕಪ್ಪಗಾದ ಬೇರು ಇನ್ನೂ ಇರುತ್ತದೆ. ಭತ್ತದ ಬೇರು, ಜೌಗು ಹುಲ್ಲಿನ ಬೇರು ಎಲೆಯಿಂದ ಗಾಳಿಯನ್ನು ಕೆಳಗಿಳಿಸುತ್ತವೆ. ಬೇರಿನಿಂದ ಸೋರಿದ ಗಾಳಿ ತಾಗಿ, ಕರಗಿದ್ದ ಕಬ್ಬಿಣ ಅಲ್ಲೇ ಮತ್ತೆ ತುಕ್ಕಾಗಿ ಅಂಟಿಕೊಂಡಿದೆ. ಉಳುಮೆ ಬಿಟ್ಟು ಎಷ್ಟೋ ವರ್ಷ ಆದರೂ ಈ ಗುರುತು ಉಳಿಯುತ್ತದೆ.

ನೋಡಬೇಕಾದ್ದು ಬೂದು ಬಣ್ಣ ಎಷ್ಟು ಆಳದಿಂದ ಶುರುವಾಗುತ್ತದೆ ಅನ್ನುವುದು. ಒಂದು ಅಡಿಯೊಳಗೇ ಶುರುವಾದರೆ ಮಳೆಗಾಲದಲ್ಲಿ ಬೇರಿಗೆ ಉಸಿರಿಲ್ಲ ಅಂತಲೇ ಲೆಕ್ಕ. ಅಡಿಕೆ, ಕಾಳುಮೆಣಸು, ಕಾಫಿಗೆ ಅಂಥ ಜಾಗ ಆಗದು. ಮೆಣಸಿನ ಬಳ್ಳಿಗೆ ಸೊರಗು ರೋಗ ಬರುವುದೇ ನೀರು ನಿಂತ ಕಡೆ. ಎರಡೂವರೆ ಅಡಿಯ ತನಕ ಕಂದು ಅಥವಾ ಕೆಂಪು ಇದ್ದು, ಆಮೇಲೆ ಬೂದು ಚುಕ್ಕೆ ಕಂಡರೆ ಮಾತೇ ಬೇರೆ. ಪೂರ್ತಿ ನೀಲಿ ಮಿಶ್ರಿತ ಬೂದು, ಕೊಳೆತ ಮೊಟ್ಟೆ ವಾಸನೆ, ಎಲ್ಲೂ ಕಿತ್ತಳೆ ಇಲ್ಲ ಅಂದರೆ ಅಲ್ಲಿ ವರ್ಷಪೂರ್ತಿ ನೀರಿದೆ. ಅದನ್ನು ಕೆರೆಗೋ ಭತ್ತಕ್ಕೋ ಬಿಟ್ಟುಬಿಡಿ.

ತೋಡಿನ ಬದಿಯ ನೀರಿನ ಮೇಲೆ ಎಣ್ಣೆಯಂಥ ಬಣ್ಣದ ಪೊರೆ ಕಂಡು ಗಾಬರಿಯಾಗುವವರಿದ್ದಾರೆ. ಕಡ್ಡಿಯಿಂದ ಮುಟ್ಟಿ ನೋಡಿ. ಚೂರು ಚೂರಾಗಿ ಒಡೆದರೆ ಅದು ಇದೇ ಕಬ್ಬಿಣದ ಪೊರೆ, ತೊಂದರೆ ಇಲ್ಲ. ಒಡೆಯದೆ ಮತ್ತೆ ಕೂಡಿಕೊಂಡರೆ ನಿಜವಾಗಿಯೂ ಎಣ್ಣೆ.

ಹಂತ 4: ಕೈ ಪರೀಕ್ಷೆ ಮತ್ತು ಬಾಟಲಿ ಪರೀಕ್ಷೆ

ನಿಂಬೆಹಣ್ಣಿನಷ್ಟು ಮಣ್ಣು ತೆಗೆದು, ಕಲ್ಲು ಬೇರು ಆರಿಸಿ, ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರಗೆ ಬಿಡಿ. ಒಂದು ಇಂಚಿಗೆ ಮೊದಲೇ ಮುರಿದರೆ ಗೋಡುಮಣ್ಣು, ಎರಡು ಇಂಚಿನವರೆಗೆ ಬಂದರೆ ಜೇಡಿ ಮಿಶ್ರಿತ ಗೋಡು, ಅದಕ್ಕೂ ಉದ್ದ ಬಂದರೆ ಜೇಡಿ. ಚೆನ್ನಾಗಿ ನಾದುವುದು ಮುಖ್ಯ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಜೇಡಿಯನ್ನು ಸಣ್ಣ ಸಣ್ಣ ಹರಳಾಗಿ ಅಂಟಿಸಿಟ್ಟಿರುತ್ತದೆ. ಶುರುವಿನಲ್ಲಿ ಮರಳಿನಂತೆ ತರಿತರಿ ಅನಿಸಿದ ಮಣ್ಣು ಐದು ನಿಮಿಷ ನಾದಿದ ಮೇಲೆ ಶುದ್ಧ ಜೇಡಿ ಅಂತ ಗೊತ್ತಾಗುತ್ತದೆ.

ಬಾಟಲಿ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಪಾತ್ರೆ ತೊಳೆಯುವ ಪುಡಿ. ಜೋರಾಗಿ ಅಲ್ಲಾಡಿಸಿ ಇಡಿ. ಒಂದು ನಿಮಿಷದಲ್ಲಿ ಕೂತದ್ದು ಮರಳು, ಎರಡು ಗಂಟೆಯಲ್ಲಿ ಕೂತದ್ದು ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ), ಎರಡು ದಿನ ತೆಗೆದುಕೊಂಡದ್ದು ಜೇಡಿ. ಇದು ಹೇಳುವುದು ಜೇಡಿ ಎಷ್ಟು ಅಂತ ಮಾತ್ರ.

ಹಂತ 5: ಯಾವ ಜೇಡಿ? ಸಿರಿಂಜು ಪರೀಕ್ಷೆ

ಖರ್ಚಿಲ್ಲದ ಪರೀಕ್ಷೆ ಇದು. ಆದರೂ ಮಾಡುವವರು ಕಡಿಮೆ. 10 ಅಥವಾ 20 ಮಿಲಿಲೀಟರ್‌ನ ಪ್ಲಾಸ್ಟಿಕ್ ಸಿರಿಂಜು ತೆಗೆದುಕೊಂಡು ಸೂಜಿ ಕೂರುವ ಮೂತಿಯನ್ನು ಕತ್ತರಿಸಿ, ಸುಮಾರು ಒಂದು ಸೆಂಟಿಮೀಟರ್ ತೂತು ಮಾಡಿ. ಒಣಗಿಸಿ ಪುಡಿ ಮಾಡಿ ಜರಡಿ ಹಿಡಿದ ಮಣ್ಣಿಗೆ ನೀರು ಹಾಕಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿ ಒಂದು ರಾತ್ರಿ ಮುಚ್ಚಿಡಿ. ಜೇಡಿಗೆ ನೀರು ಕುಡಿಯಲು ಅಷ್ಟು ಹೊತ್ತು ಬೇಕು. ಮಾರನೇ ದಿನ ಸಿರಿಂಜಿಗೆ ತುಂಬಿ, ನುಣುಪಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಉದ್ದ ಕಡ್ಡಿಯಾಗಿ ಒತ್ತಿ. ಎರಡೂ ತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಸರಿಯಾಗಿ 100 ಮಿಲಿಮೀಟರ್‌ಗೆ ತನ್ನಿ. ಪ್ರತಿ ಪದರದ ಮಣ್ಣಿನಿಂದ ಮೂರು ಕಡ್ಡಿ ಮಾಡಿ.

ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಾಗುತ್ತದೆ, ತುಂಡಾಗುತ್ತದೆ. ಪೂರ್ತಿ ಒಣಗಿದ ಮೇಲೆ ಉದ್ದ ಅಳೆಯಿರಿ. ತುಂಡಾಗಿದ್ದರೆ ತುಂಡುಗಳನ್ನು ಜೋಡಿಸಿ ಅಳೆಯಬಹುದು.

ಲೆಕ್ಕ ಸುಲಭ. ಒದ್ದೆ ಉದ್ದದಿಂದ ಒಣ ಉದ್ದ ಕಳೆಯಿರಿ, ಬಂದದ್ದನ್ನು ಒಣ ಉದ್ದದಿಂದ ಭಾಗಿಸಿ. 100 ಮಿಲಿಮೀಟರ್ ಕಡ್ಡಿ 98ಕ್ಕೆ ಇಳಿದರೆ 0.02. ಅದೇ 91ಕ್ಕೆ ಇಳಿದರೆ ಸುಮಾರು 0.10. ಮಣ್ಣು ವಿಜ್ಞಾನಿಗಳು 0.03ರ ಕೆಳಗಿದ್ದರೆ ಕಡಿಮೆ ಕುಗ್ಗುವ ಮಣ್ಣು ಅನ್ನುತ್ತಾರೆ. 0.03ರಿಂದ 0.06 ಮಧ್ಯಮ, 0.06ರಿಂದ 0.09 ಜಾಸ್ತಿ, ಅದರ ಮೇಲೆ ಬಹಳ ಜಾಸ್ತಿ.

ಬಾಟಲಿಯಲ್ಲಿ ಅರ್ಧಕ್ಕರ್ಧ ಜೇಡಿ ಕಂಡರೂ ಕಡ್ಡಿ 98ಕ್ಕೇ ನಿಂತರೆ ನಿಮ್ಮದು ಕೆಯೋಲಿನೈಟ್. 93, 92ಕ್ಕೆ ಇಳಿದರೆ ಕುಗ್ಗುವ ಜೇಡಿ ಸೇರಿದೆ. ಅಂಥ ಜಾಗದಲ್ಲಿ ಮನೆಯ ಅಡಿಪಾಯ, ಸಿಮೆಂಟ್ ತೊಟ್ಟಿ, ಕಾಂಕ್ರೀಟ್ ಕಣ ಏನೇ ಕಟ್ಟುವುದಿದ್ದರೂ ಮೊದಲು ಇಂಜಿನಿಯರ್‌ಗೆ ಈ ಲೆಕ್ಕ ತೋರಿಸಿ.

ಹಂತ 6: ಜಿಪ್ಸಂ ಬೇಕಾ, ಸುಣ್ಣ ಬೇಕಾ

ಕಡಲೆ ಗಾತ್ರದ ಒಣ ಹೆಂಟೆಯನ್ನು ಗಾಜಿನ ಲೋಟದಲ್ಲಿರುವ ಮಳೆನೀರಿಗೆ ಮೆಲ್ಲಗೆ ಬಿಡಿ. ಅಲ್ಲಾಡಿಸಬೇಡಿ, ಎರಡು ಗಂಟೆ ಬಿಟ್ಟು ನೋಡಿ. ಹೆಂಟೆ ಪುಡಿಯಾಗಿ ಕುಸಿದು ನೀರು ತಿಳಿಯಾಗೇ ಇದ್ದರೆ ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ, ಸೊಪ್ಪು, ಗೊಬ್ಬರ ಬೇಕು. ಸುತ್ತ ಹಾಲಿನಂಥ ಮೋಡ ಹಬ್ಬಿದರೆ ಸೋಡಿಯಂ ಜಾಸ್ತಿ ಇರುವ ಮಣ್ಣು. ಜಿಪ್ಸಂ ಹೇಳುವುದು ಈ ಎರಡನೆಯದಕ್ಕೆ. ಹೊರದಾರಿ ಇಲ್ಲದ ಒಣ ತಗ್ಗುಗಳಲ್ಲಿ ಸೋಡಿಯಂ ಕೂಡುತ್ತದೆ. ನಮ್ಮ ಮಳೆಯಲ್ಲಿ ಅದು ನಿಲ್ಲುವುದೇ ಇಲ್ಲ. ಹಾಗಾಗಿ ಗದ್ದೆ ಮಣ್ಣು ಸಡಿಲ ಮಾಡಲು ಜಿಪ್ಸಂ ಹಾಕಿ ಅಂತ ಯಾರಾದರೂ ಹೇಳಿದರೆ, ಮೊದಲು ಲೋಟದ ನೀರು ನೋಡಿ.

ನಮ್ಮ ತೊಂದರೆ ಹುಳಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಹುಳಿಮಣ್ಣಿನಲ್ಲಿ ನೀರು ನಿಲ್ಲಿಸಿದರೆ ಹುಳಿ ತಾನಾಗಿ ಇಳಿಯುತ್ತದೆ, ರಂಜಕವೂ ಬಿಡುಗಡೆ ಆಗುತ್ತದೆ. ಭತ್ತ ಬೆಳೆಯುವಾಗ ಸುಣ್ಣದ ನೆನಪೇ ಆಗದಿದ್ದ ಗದ್ದೆ, ನೀರು ಬಸಿದು ಬೇರೆ ಬೆಳೆ ಹಾಕಿದ ಕೂಡಲೇ ಹುಳಿಯಾಗುವುದು ಇದಕ್ಕೇ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರನ್ನು ಮೊಂಡು ಮಾಡುತ್ತದೆ. ಹಾಕಿದ ರಂಜಕವನ್ನೂ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ.

ಪ್ರಯೋಗಾಲಯಕ್ಕೆ ಮಣ್ಣು ಕಳಿಸುವಾಗ ಮೇಲಿನ, ನಡುವಿನ, ಕೆಳಗಿನ ಮಡಿಗಳನ್ನು ಬೆರೆಸಬೇಡಿ. ಪ್ರತಿ ಮಡಿಯಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಹತ್ತು ಹದಿನೈದು ಕಡೆ, ಹುಲ್ಲು ಕೆರೆದು, ಆರು ಇಂಚಿನ ತನಕ ಮಣ್ಣು ತೆಗೆಯಿರಿ. ತೋಟದ ಬೆಳೆಯ ಯೋಚನೆ ಇದ್ದರೆ ಒಂಬತ್ತು ಇಂಚು. ಬೆರೆಸಿ, ನಾಲ್ಕು ಭಾಗ ಮಾಡಿ, ಎದುರೆದುರಿನ ಎರಡು ಭಾಗ ಬಿಡುತ್ತಾ ಹೋಗಿ ಅರ್ಧ ಕಿಲೋಗೆ ತನ್ನಿ. ನೆರಳಲ್ಲಿ ಒಣಗಿಸಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಚೀಟಿಯಲ್ಲಿ ಈಗ ಏನಿದೆ ಅನ್ನುವುದರ ಜೊತೆ ಮುಂದೆ ಏನು ಬೆಳೆಯುತ್ತೀರಿ ಅಂತಲೂ ಬರೆಯಿರಿ. ಸುಣ್ಣದ ಪ್ರಮಾಣ ಅದರ ಮೇಲೆ ನಿಲ್ಲುತ್ತದೆ.

ಹಂತ 7: ಮಳೆಗಾಲದ ಪೈಪು

ಬೇಸಿಗೆಯ ಗುಂಡಿ ಅರ್ಧ ಕಥೆ ಹೇಳುತ್ತದೆ. ಉಳಿದರ್ಧಕ್ಕೆ ಎರಡು ಇಂಚಿನ ಪಿವಿಸಿ ಪೈಪು ಬೇಕು. ನಾಲ್ಕು ಅಡಿ ಉದ್ದ ಕತ್ತರಿಸಿ, ಕೆಳಗಿನ ಎರಡು ಅಡಿಗೆ ಸಣ್ಣ ತೂತು ಕೊರೆದು, ಬಲೆ ಬಟ್ಟೆ ಸುತ್ತಿ. ಮೇ ತಿಂಗಳಲ್ಲಿ ಮೂರಡಿ ಆಳಕ್ಕೆ ಇಳಿಸಿ, ಸುತ್ತ ಮರಳು ತುಂಬಿ, ನೆಲಮಟ್ಟದಲ್ಲಿ ಜೇಡಿಯಿಂದ ಮುಚ್ಚಿ. ಬಾಯಿಗೆ ಮುಚ್ಚಳ ಹಾಕಿ. ಜೂನ್‌ನಿಂದ ವಾರಕ್ಕೊಮ್ಮೆ ಒಣ ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಅಂತ ಬರೆಯಿರಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನೀರು ಮೇಲೇ ಇರುತ್ತದೆ, ಅದು ಗೊತ್ತಿರುವ ವಿಷಯ. ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್‌ನಲ್ಲಿ, ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು ಗಮನಿಸಿ. ತೋಡಿನ ಹತ್ತಿರದ ಪೈಪಿನಲ್ಲಿ ನವೆಂಬರ್‌ಗೂ ಒಂದು ಅಡಿಯೊಳಗೆ ನೀರಿದ್ದರೆ ಎಷ್ಟು ಕಾಲುವೆ ತೆಗೆದರೂ ಅಲ್ಲಿ ತೋಟ ಆಗುವುದು ಕಷ್ಟ.

ಈಗ ಏನು ಮಾಡಬಹುದು

ಶುಂಠಿ, ತರಕಾರಿಗೆ ಏರುಮಡಿ ಬೇಕೇ ಬೇಕು. ಇಥಿಯೋಪಿಯಾದ ಎತ್ತರದ ಜೇಡಿಬಯಲುಗಳಲ್ಲೂ ಅಗಲ ಮಡಿ ಮಾಡಿ ನಡುವೆ ಕಾಲುವೆ ಬಿಟ್ಟು ಬೆಳೆಯುತ್ತಾರೆ. ಅಲ್ಲಿಯ ಮಣ್ಣು ಒಣಗಿದಾಗ ತಾನೇ ಬಿರಿದು ಸಡಿಲವಾಗುತ್ತದೆ. ನಮ್ಮದು ಹಾಗಲ್ಲ. ಒದ್ದೆಯಲ್ಲಿ ಟ್ರ್ಯಾಕ್ಟರ್ ಇಳಿಸಿ ಒಮ್ಮೆ ಗಟ್ಟಿ ಮಾಡಿದರೆ ಬೇಗ ಬಿಡುವುದಿಲ್ಲ. ಮಣ್ಣನ್ನು ಅಂಗೈಯಲ್ಲಿ ಉರುಳಿಸಿದಾಗ ಬೀಡಿ ಗಾತ್ರದ ಕಡ್ಡಿ ಆಗುತ್ತಿದ್ದರೆ ಆ ದಿನ ಯಂತ್ರ ಇಳಿಸಬೇಡಿ, ಪುಡಿಯಾಗುವ ತನಕ ಕಾಯಿರಿ.

ಮುಂದೆ ಮತ್ತೆ ಭತ್ತ ಮಾಡುವ ಆಸೆ ಸ್ವಲ್ಪವಾದರೂ ಇದ್ದರೆ ಗುಂಡಿಯಲ್ಲಿ ಕಂಡ ಗಟ್ಟಿ ಪದರವನ್ನು ಒಡೆಸಬೇಡಿ. ಜೆಸಿಬಿಗೆ ಅರ್ಧ ದಿನದ ಕೆಲಸ, ಆದರೆ ಮತ್ತೆ ಅದು ಕೂಡಬೇಕಾದರೆ ವರ್ಷಗಟ್ಟಲೆ ಕೆಸರು ಉಳಬೇಕು.

ಬರೆ ಕಡಿದು ಗದ್ದೆ ತುಂಬಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಟ್ಟದ ಬುಡ ತೆಗೆದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ನಮ್ಮದು. ಬೂದು ಜೇಡಿಯ ಮೇಲೆ ತುಂಬಿದ ಮಣ್ಣೂ ಸಮನಾಗಿ ಕೂರುವುದಿಲ್ಲ, ಒಂದು ಕಡೆ ಜಗ್ಗುತ್ತದೆ.

ಏನೂ ಬೆಳೆಯದೆ ಹುಲ್ಲಿಗೇ ಬಿಡುವುದೂ ಒಳ್ಳೆ ತೀರ್ಮಾನವೇ. ಬದು ಗಟ್ಟಿಯಿದ್ದರೆ ಮಳೆನೀರು ನಿಂತು ನಿಧಾನವಾಗಿ ಇಂಗುತ್ತದೆ. ಬೇಸಿಗೆಯಲ್ಲಿ ದನಕ್ಕೆ ಹಸಿರು ಹುಲ್ಲು ಸಿಗುತ್ತದೆ. ವರ್ಷಕ್ಕೊಮ್ಮೆ ಬದುವಿನ ಏಡಿ ತೂತು ಮುಚ್ಚಿ, ನೀರು ಹೊರಬೀಳುವ ಬಾಯಿಗೆ ಕಲ್ಲು ಕಟ್ಟಿ.

ಗುತ್ತಿಗೆಗೆ ಕೊಡುವುದಾದರೆ ಪತ್ರದಲ್ಲೇ ಬರೆಸಿ: ಕಾಲುವೆಯ ಆಳ ಇಷ್ಟೇ, ಗಟ್ಟಿ ಪದರ ಒಡೆಯುವಂತಿಲ್ಲ, ಬದು ಕಡಿಯುವಂತಿಲ್ಲ, ಬೆಳೆ ತೆಗೆದ ಮೇಲೆ ಏರುಮಡಿಗಳನ್ನು ಸಮ ಮಾಡಿ ಕೊಡಬೇಕು. ಗುಂಡಿಯಲ್ಲಿ ಅಳೆದ ಇಂಚುಗಳನ್ನೂ ಆ ಪತ್ರಕ್ಕೆ ಸೇರಿಸಿ, ಇಬ್ಬರೂ ಸಹಿ ಹಾಕಿ.